ಫೋನಿನಿಂದ ಡಿಎಸ್‌ಪಿವರೆಗೆ: ಕಾರಿನಲ್ಲಿ ಹೈ-ರೆಸ್ ಧ್ವನಿಯ ದಾರಿಗಳು

ಕಾರಿನ ಆಡಿಯೊ ಪ್ರೊಸೆಸರನ್ನು ಅಂಗಡಿಯವರೂ ಗಿರಾಕಿಗಳೂ ಡಿಎಸ್‌ಪಿ ಎಂದೇ ಕರೆಯುತ್ತಾರೆ. ಸೀಟಿನ ಕೆಳಗೋ ಡಿಕ್ಕಿಯ ಮೂಲೆಯಲ್ಲೋ ಕೂರುವ ಈ ಪೆಟ್ಟಿಗೆ ಒಳಬಂದ ಸಂಗೀತವನ್ನು ಅಂಕಿಗಳ ರೂಪದಲ್ಲೇ ತಿದ್ದುತ್ತದೆ. ತಾರಸ್ವರಗಳನ್ನು ಟ್ವೀಟರಿಗೆ, ಮಧ್ಯದವನ್ನು ಬಾಗಿಲಿನ ಸ್ಪೀಕರಿಗೆ, ಮಂದ್ರವನ್ನು ವೂಫರಿಗೆ ಪಾಲು ಮಾಡುತ್ತದೆ. ಒಂದೊಂದು ಸ್ಪೀಕರಿಗೂ ಬೇರೆ ಈಕ್ವಲೈಸರ್ ಹಾಕುತ್ತದೆ. ಚಾಲಕನಿಗೆ ಬಲಬಾಗಿಲಿನ ಸ್ಪೀಕರ್ ಹತ್ತಿರ, ಎಡಬಾಗಿಲಿನದು ದೂರ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ ಹತ್ತಿರದ ಸ್ಪೀಕರನ್ನು ಆ ದೂರದ ವ್ಯತ್ಯಾಸಕ್ಕೆ ತಕ್ಕಷ್ಟು ಹೊತ್ತು ತಡೆದರೆ ಎರಡೂ ಕಡೆಯ ದನಿ ಒಟ್ಟಿಗೆ ಕಿವಿ ಸೇರುತ್ತದೆ, ಹಾಡುವವರು ಡ್ಯಾಶ್‌ಬೋರ್ಡಿನ ನಡುವೆ ಕುಳಿತಂತೆ ಕೇಳಿಸುತ್ತಾರೆ. 48 ಕಿಲೋಹರ್ಟ್ಜ್ ದರದಲ್ಲಿ ಕೆಲಸ ಮಾಡುವ ಪ್ರೊಸೆಸರಿನಲ್ಲಿ ಒಂದು ಸ್ಯಾಂಪಲ್‌ನ ತಡೆ ಎಂದರೆ ಸುಮಾರು 7 ಮಿಲಿಮೀಟರ್ ದೂರ. ಕಾರಿನೊಳಗಿನ ಹೊಂದಾಣಿಕೆಗೆ ಇದು ಧಾರಾಳವಾಗಿ ಸಾಕು.

ಪ್ರೊಸೆಸರಿಗೆ ಸಂಗೀತ ತಲುಪಿಸುವ ಹಳೆಯ ಕ್ರಮಗಳು ಎರಡು: ಕಂಪನಿ ಸ್ಟೀರಿಯೋದ ಸ್ಪೀಕರ್ ವೈರ್‌ಗಳಿಂದ ಹೈ-ಲೆವೆಲ್ ಸಿಗ್ನಲ್ ತೆಗೆಯುವುದು, ಅಥವಾ ಹೊರಗಿನ ಸ್ಟೀರಿಯೋದ ಆರ್‌ಸಿಎ ವೈರ್ ಎಳೆಯುವುದು. ಎರಡರಲ್ಲೂ ಸಂಗೀತ ಒಮ್ಮೆ ಡಿಜಿಟಲ್‌ನಿಂದ ಅನಲಾಗ್ ಆಗಿ, ಪ್ರೊಸೆಸರಿನ ಬಾಗಿಲಲ್ಲಿ ಮತ್ತೆ ಡಿಜಿಟಲ್ ಆಗಿ, ಕೊನೆಗೆ ಆಂಪ್‌ಗೆ ಹೋಗುವ ಮುನ್ನ ಮತ್ತೊಮ್ಮೆ ಅನಲಾಗ್ ಆಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಂಪನಿ ಸ್ಟೀರಿಯೋದ್ದು. ಸಣ್ಣ ಸ್ಪೀಕರ್ ಹರಿಯದಿರಲೆಂದು ವಾಲ್ಯೂಮ್ ಏರಿದಂತೆ ಬಾಸ್ ಇಳಿಸುವ, ತನಗೆ ಬೇಕಾದ ಈಕ್ವಲೈಸರನ್ನು ಕಾಣದಂತೆ ಹಾಕಿರುವ ಸ್ಟೀರಿಯೋಗಳು ಬಹಳ. ಡಿಜಿಟಲ್ ಒಳದಾರಿ ಈ ಎರಡನ್ನೂ ತಪ್ಪಿಸುತ್ತದೆ. ಇಂದು ಹಾಡುಗಳಿರುವುದು ಆಂಡ್ರಾಯ್ಡ್ ಫೋನಿನಲ್ಲಿ, ಇಲ್ಲವೇ ಡ್ಯಾಶ್‌ಬೋರ್ಡಿಗೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋದಲ್ಲಿ. ಅಲ್ಲಿಂದ ಡಿಎಸ್‌ಪಿಯ ಡಿಜಿಟಲ್ ತೂತಿನವರೆಗೆ ಹಾಡನ್ನು ಕೆಡದಂತೆ ಒಯ್ಯುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಬೆಂಗಳೂರಿನಲ್ಲಿ ಯಲಹಂಕದಿಂದ ಯಶವಂತಪುರಕ್ಕೋ ಆರ್.ಟಿ. ನಗರದಿಂದ ವಿಮಾನ ನಿಲ್ದಾಣಕ್ಕೋ ದಿನಾ ಓಡಾಡುವವರಿಗೆ ಇದು ಬರೀ ಶೋಕಿಯ ಪ್ರಶ್ನೆಯಲ್ಲ. ಅವರ ಪಾಲಿಗೆ ದಿನದಲ್ಲಿ ಒಂದೆಡೆ ಕೂತು ಹಾಡು ಕೇಳುವ ಹೊತ್ತು ಎಂದರೆ ಬಳ್ಳಾರಿ ರಸ್ತೆಯ, ಹೆಬ್ಬಾಳದ ದಟ್ಟಣೆಯ ಹೊತ್ತೇ. ಸಾಮಾನು ಸಿಗುವುದೂ ಕಷ್ಟವಲ್ಲ. ಸ್ಪೀಕರ್, ಆಂಪ್, ಡಿಎಸ್‌ಪಿಗಳಿಗೆ ಜೆ.ಸಿ. ರಸ್ತೆ ಇದೆ, ಕೇಬಲ್, ಕನ್ವರ್ಟರ್‌ಗಳಿಗೆ ಎಸ್.ಪಿ. ರಸ್ತೆ ಇದೆ. ಸಿಗುವ ಸಾಮಾನುಗಳಲ್ಲಿ ಯಾವುದು ಯಾವುದಕ್ಕೆ ಹೊಂದುತ್ತದೆ ಎಂಬ ತಿಳಿವಳಿಕೆ ಮಾತ್ರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಹೈ-ರೆಸ್ ಎಂದರೆ ಎಷ್ಟು

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಲೆಕ್ಕವೇ ಇಂದಿಗೂ ಅಳತೆಗೋಲು: ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿ ಸ್ಯಾಂಪಲಿಗೆ 16 ಬಿಟ್, ಎರಡು ಚಾನೆಲ್ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಅದಕ್ಕಿಂತ ಮೇಲಿನ ಗುಣಮಟ್ಟದ ಮೂಲದಿಂದ ಬಂದ ಲಾಸ್‌ಲೆಸ್ ಧ್ವನಿಗೆ ಹೈ-ರೆಸ್ ಎನ್ನಬೇಕೆಂದು ಅಮೆರಿಕದ ಧ್ವನಿಮುದ್ರಣ ಮತ್ತು ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಗಳು 2014ರಲ್ಲಿ ಒಪ್ಪಿಕೊಂಡವು. ರೂಢಿಯಲ್ಲಿ ಹೈ-ರೆಸ್ ಎಂದರೆ 24 ಬಿಟ್, 96 ಕಿಲೋಹರ್ಟ್ಜ್ ಅಥವಾ 192 ಕಿಲೋಹರ್ಟ್ಜ್. ಮೊದಲನೆಯದಕ್ಕೆ ಸೆಕೆಂಡಿಗೆ 4,608 ಕಿಲೋಬಿಟ್ ಬೇಕು, ಎರಡನೆಯದಕ್ಕೆ ಅದರ ಎರಡರಷ್ಟು. 24/96ರ ಐದು ನಿಮಿಷದ ಹಾಡು ಕುಗ್ಗಿಸದೆ ಇಟ್ಟರೆ ಸುಮಾರು 173 ಮೆಗಾಬೈಟ್ ತಿನ್ನುತ್ತದೆ. 2001ರಿಂದ ಬಳಕೆಯಲ್ಲಿರುವ ಫ್ಲಾಕ್ ಕಡತದಲ್ಲಿ ಅದು ಒಂದು ಬಿಟ್ ಕೂಡ ಕಳೆಯದೆ ಸುಮಾರು ಅರ್ಧದಿಂದ ಮುಕ್ಕಾಲರ ಒಳಗೆ ಇಳಿಯುತ್ತದೆ.

ಈ ಹೆಚ್ಚಿನ ಅಂಕಿಗಳು ಕಿವಿಗೆ ಎಷ್ಟು ತಿಳಿಯುತ್ತವೆ ಎಂಬ ವಾದ ಹಳೆಯದು. ಸ್ಯಾಂಪ್ಲಿಂಗ್ ದರದ ಅರ್ಧದವರೆಗಿನ ಕಂಪನಗಳು ದಾಖಲಾಗುತ್ತವೆ ಎಂಬ ನೈಕ್ವಿಸ್ಟ್ ನಿಯಮದ ಪ್ರಕಾರ ಸಿ.ಡಿ. 22 ಕಿಲೋಹರ್ಟ್ಜ್‌ವರೆಗೆ ಹಿಡಿಯುತ್ತದೆ. ಮನುಷ್ಯನ ಕಿವಿಯ ಎಲ್ಲೆ 20 ಕಿಲೋಹರ್ಟ್ಜ್, ಅದೂ ಎಳೆಯ ವಯಸ್ಸಿನಲ್ಲಿ. ಮೇಯರ್ ಮತ್ತು ಮೋರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೇಳುಗರು 554 ಸಲ ಹೈ-ರೆಸ್ ಧ್ವನಿಯನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಹೋಲಿಸಿದರು. ಸರಿಯಾಗಿ ಹೇಳಿದ್ದು 276 ಸಲ, ಅಂದರೆ ನಾಣ್ಯ ಚಿಮ್ಮಿ ಹೇಳಿದಷ್ಟೇ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 18 ಅಧ್ಯಯನಗಳ 12 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ಶೇ 52.3 ಬಂತು. ವ್ಯತ್ಯಾಸ ಇದೆ, ಆದರೆ ಬಲು ಚಿಕ್ಕದು. ಅದೂ ಸದ್ದಿಲ್ಲದ ಕೋಣೆಯಲ್ಲಿ.

ಕಾರು ಸದ್ದಿಲ್ಲದ ಕೋಣೆಯಲ್ಲ. ಸಾಮಾನ್ಯ ಹ್ಯಾಚ್‌ಬ್ಯಾಕ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವಾಗ ಒಳಗಿನ ಸದ್ದು ಸುಮಾರು 65ರಿಂದ 70 ಡೆಸಿಬೆಲ್ ಇರುತ್ತದೆ. 16 ಬಿಟ್‌ನ ಸುಮಾರು 96 ಡೆಸಿಬೆಲ್ ಏರಿಳಿತವನ್ನು ಅದರ ಮೇಲೆ ಪೂರ್ತಿಯಾಗಿ ಕೇಳಬೇಕೆಂದರೆ 160 ಡೆಸಿಬೆಲ್ ದಾಟಬೇಕು. ಕಿವಿ 120ರ ಹೊತ್ತಿಗೇ ನೋಯತೊಡಗುತ್ತದೆ. ಇದಕ್ಕೊಂದು ವಿನಾಯಿತಿ ಉಂಟು. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆರುವ ಕಾರುಗಳಲ್ಲಿ, ಅದಕ್ಕೂ ಮಿಗಿಲಾಗಿ ವಿದ್ಯುತ್ ಕಾರುಗಳಲ್ಲಿ, ಗಾಜು ಏರಿಸಿ ನಿಂತಾಗ ಒಳಗೆ ಸಾಕಷ್ಟು ನಿಶ್ಶಬ್ದ ಇರುತ್ತದೆ. ಹಾಗೆ ನೋಡಿದರೆ ಹೆಬ್ಬಾಳದ ಜಾಮ್ ಹೈ-ರೆಸ್ ಕೇಳಲು ಹೆದ್ದಾರಿಗಿಂತ ಒಳ್ಳೆಯ ಜಾಗ.

ಮೂಲ ಧ್ವನಿಮುದ್ರಣದ ಮಾತೂ ಇದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂತು. ಮುಂದೆ ಭಾವಗೀತೆಯೆಂದರೆ ಕ್ಯಾಸೆಟ್ಟೇ ಎನ್ನುವಂತಾಯಿತು. ಅಂಥ ಕ್ಯಾಸೆಟ್ಟನ್ನೇ 24/96ಕ್ಕೆ ಇಳಿಸಿಕೊಂಡರೆ ಟೇಪಿನ ಹಿಸ್ ಸದ್ದು ಹೆಚ್ಚು ನಿಖರವಾಗಿ ದಾಖಲಾಗುತ್ತದೆ, ಅಷ್ಟೇ. ಸ್ಟುಡಿಯೋದ ಮೂಲ ಟೇಪಿನಿಂದ ತೆಗೆದರೆ ಮಾತು ಬೇರೆ. ಸಿನಿಮಾ ಮತ್ತು ವಿಡಿಯೊ ಕೆಲಸದಲ್ಲಿ 48 ಕಿಲೋಹರ್ಟ್ಜ್ ರೂಢಿಯ ದರ. ಆದ್ದರಿಂದ ಹೊಸ ಚಿತ್ರಗೀತೆಗಳ ಹೈ-ರೆಸ್ ಪ್ರತಿ ಎಂದರೆ ಅನೇಕ ಸಲ 24/48. 192 ಎಂಬ ಚೀಟಿ ಅಂಟಿಸಿಕೊಂಡ ಕಡತವನ್ನು ಸ್ಪೆಕ್ಟ್ರೋಗ್ರಾಂ ತೋರಿಸುವ ಆ್ಯಪ್‌ನಲ್ಲಿ ತೆರೆದಾಗ 22 ಕಿಲೋಹರ್ಟ್ಜ್ ಬಳಿ ಗೋಡೆ ಕಟ್ಟಿದಂತೆ ಚಿತ್ರ ನಿಂತರೆ ಅದು ಸಿ.ಡಿ. ಪ್ರತಿಯನ್ನು ಹಿಗ್ಗಿಸಿದ್ದೇ ಸರಿ.

ಆಂಡ್ರಾಯ್ಡ್ ಒಳಗಿನ ಜರಡಿ

ಹಾಡು ಫೋನಿನಿಂದ ಹೊರಬೀಳುವ ಮೊದಲೇ ಬದಲಾಗುವ ಸಾಧ್ಯತೆ ಇದೆ. ಆಂಡ್ರಾಯ್ಡ್‌ನಲ್ಲಿ ಎಲ್ಲ ಸದ್ದುಗಳೂ ಆಡಿಯೊಫ್ಲಿಂಗರ್ ಎಂಬ ವ್ಯವಸ್ಥೆಯ ಮೂಲಕ ಹೋಗುತ್ತವೆ. ಹಾಡು, ವಾಟ್ಸ್ಆ್ಯಪ್‌ನ ಟಿಣ್ ಸದ್ದು, ನಕ್ಷೆಯ ದನಿ ಎಲ್ಲವನ್ನೂ ಅದು ಕಲಸಿ ಒಂದು ಧಾರೆ ಮಾಡುತ್ತದೆ. ಕಲಸಬೇಕಾದರೆ ಎಲ್ಲವೂ ಒಂದೇ ದರದಲ್ಲಿರಬೇಕು. ಆ ದರ ಹೆಚ್ಚಿನ ಫೋನ್‌ಗಳಲ್ಲಿ 48 ಕಿಲೋಹರ್ಟ್ಜ್. 96ರ ಹಾಡು ಅಲ್ಲಿ ಅರ್ಧಕ್ಕೆ ಇಳಿಯುತ್ತದೆ. ಸಿ.ಡಿ. ದರದ 44.1ರ ಹಾಡು 147ಕ್ಕೆ 160ರಂಥ ಅಡ್ಡ ಅನುಪಾತದಲ್ಲಿ ಮರುಲೆಕ್ಕಕ್ಕೆ ಒಳಗಾಗುತ್ತದೆ. ಇಂದಿನ ಫೋನ್‌ಗಳು ಈ ಲೆಕ್ಕವನ್ನು ಚೆನ್ನಾಗಿಯೇ ಮಾಡುತ್ತವೆ. ಕೆಡಿಸುವುದು ಹೆಚ್ಚಾಗಿ ಫೋನ್ ಕಂಪನಿ ಸೇರಿಸಿದ ಡಾಲ್ಬಿ, ಬಾಸ್ ಬೂಸ್ಟ್‌ನಂಥ ಪರಿಣಾಮಗಳು. ಡಿಎಸ್‌ಪಿ ಇರುವ ಕಾರಿನಲ್ಲಿ ಅವನ್ನೆಲ್ಲ ಆಫ್ ಮಾಡುವುದು ಮೊದಲ ಕೆಲಸ.

ಯುಎಸ್‌ಬಿಗೆ ಬೇರೆ ಸಾಧನ ಸಿಕ್ಕಿಸಿ ತಾನೇ ಯಜಮಾನನಾಗುವ ಶಕ್ತಿ ಆಂಡ್ರಾಯ್ಡ್‌ಗೆ 2011ರ 3.1 ಆವೃತ್ತಿಯಲ್ಲಿ ಬಂತು. ಯುಎಸ್‌ಬಿ ಧ್ವನಿ ಸಾಧನಗಳನ್ನು ನೇರವಾಗಿ ಗುರುತಿಸುವುದು 2014ರ 5.0 ಆವೃತ್ತಿಯಲ್ಲಿ. ಆದರೆ ಜರಡಿ ಹಾಗೆಯೇ ಉಳಿಯಿತು. ಅದನ್ನು ತಪ್ಪಿಸಿ ಹೋಗಲು ಯುಎಸ್‌ಬಿ ಆಡಿಯೊ ಪ್ಲೇಯರ್ ಪ್ರೊದಂಥ ಆ್ಯಪ್‌ಗಳು ತಮ್ಮದೇ ಯುಎಸ್‌ಬಿ ಡ್ರೈವರ್ ಬರೆದುಕೊಂಡು, ಕಡತದಲ್ಲಿರುವ ಬಿಟ್‌ಗಳನ್ನು ಇದ್ದದ್ದು ಇದ್ದ ಹಾಗೆ ಹೊರಗಿನ ಸಾಧನಕ್ಕೆ ಕೊಡತೊಡಗಿದವು. ಬಿಟ್-ಪರ್ಫೆಕ್ಟ್ ಎನ್ನುವುದು ಇದನ್ನೇ. 2023ರ ಆಂಡ್ರಾಯ್ಡ್ 14ರಲ್ಲಿ ಗೂಗಲ್ ಈ ಸೌಲಭ್ಯವನ್ನು ವ್ಯವಸ್ಥೆಯೊಳಗೇ ತಂದಿತು. ಫೋನ್ ಮತ್ತು ಆ್ಯಪ್ ಎರಡೂ ಒಪ್ಪಿಕೊಂಡರೆ ಮಾತ್ರ ಅದು ನಡೆಯುತ್ತದೆ.

ಬಿಟ್-ಪರ್ಫೆಕ್ಟ್‌ಗೆ ಒಂದು ಬೆಲೆ ತೆರಬೇಕು. ಯುಎಸ್‌ಬಿ ಸಾಧನವನ್ನು ಆ್ಯಪ್ ಪೂರ್ತಿ ವಶಪಡಿಸಿಕೊಂಡಾಗ ಬೇರೆ ಯಾವ ಸದ್ದಿಗೂ ಆ ದಾರಿಯಲ್ಲಿ ಜಾಗವಿಲ್ಲ. ನಕ್ಷೆಯ ದನಿ ಫೋನಿನ ಸಣ್ಣ ಸ್ಪೀಕರಿನಲ್ಲಿ ಗೊಣಗುತ್ತದೆ, ಇಲ್ಲವೇ ಕೇಳಿಸುವುದೇ ಇಲ್ಲ. ಹೆಬ್ಬಾಳದಲ್ಲಿ ಮೇಲ್ಸೇತುವೆ ಹತ್ತಬೇಕೋ ಸರ್ವಿಸ್ ರಸ್ತೆ ಹಿಡಿಯಬೇಕೋ ಎಂಬುದು ತಿಳಿಯದೆ ಹೋದರೆ ಅದರ ದಂಡ ಕಿಲೋಮೀಟರ್‌ಗಳ ಲೆಕ್ಕದಲ್ಲಿ. ಆದ್ದರಿಂದ ಅನುಭವಿಗಳು ಕೆಲಸ ಹಂಚುತ್ತಾರೆ. ದಿನಬಳಕೆಯ ಫೋನ್ ಎಂದಿನಂತೆ ಸ್ಟೀರಿಯೋಗೆ ಜೋಡಿಕೊಂಡು ಕರೆ, ನಕ್ಷೆ ನೋಡಿಕೊಳ್ಳುತ್ತದೆ, ಆ ಸದ್ದು ಡಿಎಸ್‌ಪಿಯ ಅನಲಾಗ್ ಒಳದಾರಿಗೆ ಬರುತ್ತದೆ. ಸಂಗೀತಕ್ಕೆಂದೇ ಒಂದು ಹಳೆಯ ಫೋನ್ ಡಿಜಿಟಲ್ ಒಳದಾರಿಗೆ ಕಟ್ಟಿಕೊಂಡಿರುತ್ತದೆ. ಹೆಚ್ಚಿನ ಡಿಎಸ್‌ಪಿಗಳು ಎರಡನ್ನೂ ಬೆರೆಸಬಲ್ಲವು, ಇಲ್ಲವೇ ಡಿಜಿಟಲ್ ಸಿಗ್ನಲ್ ಬಂದೊಡನೆ ತಾವೇ ಅತ್ತ ಹೊರಳಬಲ್ಲವು.

ತಂತಿಯ ದಾರಿ

ಫೋನಿನ ಟೈಪ್-ಸಿ ತೂತಿನಿಂದ ಹೊರಡುವುದು ಯುಎಸ್‌ಬಿ, ಹೆಚ್ಚಿನ ಡಿಎಸ್‌ಪಿಗಳು ತೆಗೆದುಕೊಳ್ಳುವುದು ಎಸ್‌ಪಿಡಿಐಎಫ್ ಎಂಬ ಬೇರೆ ಡಿಜಿಟಲ್ ಸಿಗ್ನಲ್. ನಡುವೆ ಒಂದು ಕನ್ವರ್ಟರ್ ಬೇಕೇ ಬೇಕು. ಅಂಗಡಿಯಲ್ಲಿ ಟೈಪ್-ಸಿ ಡಾಂಗಲ್ ಕೇಳಿದರೆ ಕೈಗೆ ಬರುವುದು ಹೆಡ್‌ಫೋನಿನ ಅನಲಾಗ್ ಡಾಂಗಲ್. ಅದರಿಂದ ಡಿಜಿಟಲ್ ಸಿಗ್ನಲ್ ಹೊರಬರುವುದಿಲ್ಲ. ಕೇಳಬೇಕಾದ್ದು ಆಪ್ಟಿಕಲ್ ಅಥವಾ ಕೋಯಾಕ್ಸಿಯಲ್ ಹೊರದಾರಿ ಇರುವ ಯುಎಸ್‌ಬಿ ಕನ್ವರ್ಟರ್. ಡಿಜಿಟಲನ್ನು ಅನಲಾಗ್ ಮಾಡುವ, ಮೇಜಿನ ಮೇಲಿಡುವ ಸಣ್ಣ ಡ್ಯಾಕ್‌ಗಳಲ್ಲಿ ಟಾಪಿಂಗ್ ಡಿ10, ಫಿಯೊ ಕೆ3ಯಂಥವಕ್ಕೆ ಈ ಹೊರದಾರಿ ಇದ್ದು, ಯುಎಸ್‌ಬಿ ವಿದ್ಯುತ್ತಿನಲ್ಲೇ ನಡೆಯುವುದರಿಂದ ಕಾರಿಗೂ ಅವು ಒಗ್ಗಿವೆ.

ಕನ್ವರ್ಟರಿನ ಒಳಗಿನ ಚಿಪ್ ಯಾವುದೆಂಬುದು ಮುಖ್ಯ. 1998ರ ಯುಎಸ್‌ಬಿ ಆಡಿಯೊ ಕ್ಲಾಸ್ 1 ಸೆಕೆಂಡಿಗೆ 12 ಮೆಗಾಬಿಟ್‌ನ ದಾರಿಯಲ್ಲಿ ನಡೆಯುತ್ತದೆ, 24/96 ಅದರ ಎಲ್ಲೆ. 2006ರ ಕ್ಲಾಸ್ 2 ಓಡುವುದು 480 ಮೆಗಾಬಿಟ್‌ನ ದಾರಿಯಲ್ಲಿ, 192 ಅದಕ್ಕೆ ಏನೂ ಅಲ್ಲ. ಅಗ್ಗದ ಕನ್ವರ್ಟರ್‌ಗಳ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಒಳಗೆ ಕೂತಿರುವುದು ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ2704ರಂಥ ಹಳೆಯ ಚಿಪ್ ಆಗಿದ್ದರೆ 16 ಬಿಟ್, 48 ಕಿಲೋಹರ್ಟ್ಜ್ ದಾಟುವುದಿಲ್ಲ. ಅಸಿಂಕ್ರೊನಸ್ ಎಂಬ ಪದವನ್ನೂ ಹುಡುಕಬೇಕು. ಅಂಥ ಸಾಧನದಲ್ಲಿ ಗಡಿಯಾರ ಕನ್ವರ್ಟರಿನದೇ, ಅದು ಕೇಳಿದ ವೇಗದಲ್ಲಿ ಫೋನ್ ಬಿಟ್‌ಗಳನ್ನು ಒದಗಿಸುತ್ತದೆ. ಫೋನಿನ ಗಡಿಯಾರದ ತಡವರಿಕೆ ಧ್ವನಿಗೆ ತಗಲುವುದಿಲ್ಲ.

ಎಸ್‌ಪಿಡಿಐಎಫ್ ಎಂಬುದು ಸೋನಿ ಮತ್ತು ಫಿಲಿಪ್ಸ್ ಕೂಡಿ ರೂಪಿಸಿದ, ಬಿಟ್ ಮತ್ತು ಗಡಿಯಾರ ಎರಡನ್ನೂ ಒಂದೇ ಎಳೆಯಲ್ಲಿ ಕಳಿಸುವ ಕ್ರಮ. ಅದು ಎರಡು ವೇಷದಲ್ಲಿ ಬರುತ್ತದೆ. ಕೋಯಾಕ್ಸಿಯಲ್ ಎಂದರೆ ಆರ್‌ಸಿಎ ಪಿನ್ನಿನ 75 ಓಮ್ ತಾಮ್ರದ ಕೇಬಲ್, ಅದರಲ್ಲಿ 192 ಕಿಲೋಹರ್ಟ್ಜ್ ಸರಾಗವಾಗಿ ಹೋಗುತ್ತದೆ. ಆಪ್ಟಿಕಲ್ ಅಥವಾ ಟಾಸ್‌ಲಿಂಕ್ 1983ರಲ್ಲಿ ತೊಷಿಬಾ ತಂದದ್ದು: ಪ್ಲಾಸ್ಟಿಕ್ ನಾರಿನೊಳಗೆ ಕೆಂಪು ಬೆಳಕು. ಅದು 96ರವರೆಗೆ ಸಾಮಾನ್ಯವಾಗಿ ನಂಬಿಕಸ್ಥ, 192 ಎರಡೂ ತುದಿಯ ಸಾಧನಗಳ ಮೇಲೆ ಅವಲಂಬಿತ. ಅಂಕಿಯಲ್ಲಿ ಹಿಂದಿದ್ದರೂ ಕಾರಿಗೆ ಆಪ್ಟಿಕಲ್ಲೇ ಮೇಲು. ಕಾರಿನ ಲೋಹದ ಮೈಯೇ ಎಲ್ಲದಕ್ಕೂ ಅರ್ತ್. ಫೋನ್ ಚಾರ್ಜರ್ ಒಂದೆಡೆ, ಡಿಎಸ್‌ಪಿ ಇನ್ನೊಂದೆಡೆ ಅರ್ತ್ ಆಗಿ ನಡುವೆ ತಾಮ್ರದ ಕೇಬಲ್ ಬಿದ್ದರೆ ಸುತ್ತು ಪೂರ್ತಿಯಾಗಿ, ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಆಲ್ಟರ್ನೇಟರಿನ ಸೀಟಿ ಸ್ಪೀಕರಿನಲ್ಲಿ ಕೇಳುವ ಸಂಭವವಿದೆ. ಬೆಳಕಿನ ನಾರು ಆ ಸುತ್ತನ್ನು ಕಡಿಯುತ್ತದೆ. ನಾರನ್ನು ಕಾರ್ಪೆಟ್ಟಿನ ಕೆಳಗೆ ಎಳೆಯುವಾಗ ಚೂಪಾಗಿ ಮಡಿಸಬಾರದು, ಸೀಟಿನ ಹಳಿಗೆ ಸಿಕ್ಕದಂತೆ ನೋಡಬೇಕು, ತುದಿಗೆ ಧೂಳು ಸೇರಗೊಡಬಾರದು. ಹಾಡು ನಡುನಡುವೆ ಕಡಿದು ಕಡಿದು ಬಂದರೆ ಮೊದಲ ಶಂಕೆ ಇವುಗಳ ಮೇಲೆಯೇ.

ವಿದ್ಯುತ್ತಿನ ಸಮಸ್ಯೆ ಚಿಕ್ಕದಾಗಿ ಕಾಣುತ್ತದೆ, ಬಳಕೆಯಲ್ಲಿ ಬಹಳ ಕಾಡುತ್ತದೆ. ಕನ್ವರ್ಟರಿಗೆ ವಿದ್ಯುತ್ ಕೊಡುವುದು ಫೋನ್, ಅದಕ್ಕಿರುವ ಒಂದೇ ತೂತು ಅಲ್ಲಿಗೆ ಮುಗಿಯಿತು. ಯಶವಂತಪುರದಿಂದ ದೇವನಹಳ್ಳಿಯವರೆಗೆ ಹೋಗಿಬರುವಷ್ಟರಲ್ಲಿ ಬ್ಯಾಟರಿ ಗಣನೀಯವಾಗಿ ಇಳಿದಿರುತ್ತದೆ. ಟೈಪ್-ಸಿ ನಿಯಮಗಳ ಪ್ರಕಾರ ಫೋನ್ ದತ್ತಾಂಶದ ಯಜಮಾನನಾಗಿದ್ದುಕೊಂಡೇ ವಿದ್ಯುತ್ ಪಡೆಯಬಹುದು. ಅದಕ್ಕೆ ಪಿ.ಡಿ. (ಪವರ್ ಡೆಲಿವರಿ) ಚಾರ್ಜಿಂಗ್ ಒಳದಾರಿ ಇರುವ ಹಬ್ ಬೇಕು. ಎಲ್ಲ ಹಬ್‌ಗಳೂ ಎಲ್ಲ ಫೋನ್‌ಗಳೊಂದಿಗೆ ಹೊಂದುವುದಿಲ್ಲ. ಕೊಳ್ಳುವ ಮೊದಲು ತನ್ನ ಫೋನ್, ತನ್ನ ಕನ್ವರ್ಟರ್ ಸಿಕ್ಕಿಸಿ ಹಾಡು ಹಾಕಿ ನೋಡುವುದೊಂದೇ ಭರವಸೆ.

ಕೆಲವು ಡಿಎಸ್‌ಪಿಗಳಲ್ಲಿ ಈ ಕನ್ವರ್ಟರಿನ ಗೊಡವೆಯೇ ಇಲ್ಲ. ಜರ್ಮನಿಯ ಆಡಿಯೊಟೆಕ್ ಫಿಷರ್ ತನ್ನ ಹೆಲಿಕ್ಸ್ ಪ್ರೊಸೆಸರ್‌ಗಳಿಗೆ ಹೆಚ್ಚುವರಿ ಯುಎಸ್‌ಬಿ ಆಡಿಯೊ ಕಾರ್ಡ್ ಮಾರುತ್ತದೆ. ಫೋನನ್ನು ಅದಕ್ಕೆ ನೇರವಾಗಿ ಸಿಕ್ಕಿಸಿದರೆ ಪ್ರೊಸೆಸರೇ ಯುಎಸ್‌ಬಿ ಡ್ಯಾಕ್‌ನಂತೆ ಕಾಣಿಸಿಕೊಳ್ಳುತ್ತದೆ. ಬೆಲೆ ಹೆಚ್ಚು, ಕೊಂಡಿಗಳು ಕಡಿಮೆ. ಹೆಚ್ಚಿನ ಡಿಎಸ್‌ಪಿಗಳಲ್ಲಿ ಕಾಣುವ ಸಾಮಾನ್ಯ ಯುಎಸ್‌ಬಿ ತೂತು ಮಾತ್ರ ಲ್ಯಾಪ್‌ಟಾಪಿನಿಂದ ಟ್ಯೂನಿಂಗ್ ಮಾಡಲಿಕ್ಕೆ ಇರುವಂಥದು. ಅದಕ್ಕೆ ಫೋನ್ ಸಿಕ್ಕಿಸಿ ಹಾಡು ಬರಲಿಲ್ಲವೆಂದು ಅಂಗಡಿಗೆ ಮರಳುವವರು ಕಡಿಮೆಯೇನಿಲ್ಲ.

ಡ್ಯಾಶ್‌ಬೋರ್ಡಿನ ಆಂಡ್ರಾಯ್ಡ್

ಆಂಡ್ರಾಯ್ಡ್ ಸ್ಟೀರಿಯೋ ಎಂದು ಮಾರಾಟವಾಗುವುದು ಒಂದು ಟ್ಯಾಬ್ಲೆಟ್, ಒಂದು ರೇಡಿಯೋ, ಒಂದು ಆಂಪ್ ಸೇರಿದ ಪೆಟ್ಟಿಗೆ. ಕೆಲವು ಮಾದರಿಗಳ ಹಿಂಭಾಗದಲ್ಲಿ ಆಪ್ಟಿಕಲ್ ಅಥವಾ ಕೋಯಾಕ್ಸಿಯಲ್ ಹೊರದಾರಿ ಇರುತ್ತದೆ. ಅದು ಸಾಮಾನ್ಯವಾಗಿ ಎಲ್ಲವನ್ನೂ 48 ಕಿಲೋಹರ್ಟ್ಜ್‌ಗೆ ಇಳಿಸಿ ಕಳಿಸುತ್ತದೆ, ಕೆಲವುದರಲ್ಲಿ ರೇಡಿಯೋ ಮತ್ತು ಕರೆಯ ಸದ್ದು ಆ ದಾರಿಗೆ ಬರುವುದೇ ಇಲ್ಲ. ಹೆಚ್ಚು ಬೇಕೆನ್ನುವವರು ಸ್ಟೀರಿಯೋದ ಯುಎಸ್‌ಬಿ ವೈರಿಗೇ ಕನ್ವರ್ಟರ್ ಸಿಕ್ಕಿಸಿ, ಫೋನಿನಲ್ಲಿ ಬಳಸುವ ಆ್ಯಪನ್ನೇ ಅಲ್ಲಿ ಹಾಕಿಕೊಳ್ಳುತ್ತಾರೆ. ಚಾರ್ಜಿಂಗ್ ತಲೆನೋವಿಲ್ಲ, ದೊಡ್ಡ ಪರದೆ, ಹಾಡುಗಳಿಗೆ ಪೆನ್‌ಡ್ರೈವ್ ಅಥವಾ ಎಸ್‌ಎಸ್‌ಡಿ. ದೋಷವೂ ಇದೆ. ಬೇಗ ಎದ್ದೇಳಲೆಂದು ಇವು ಕೀ ತೆಗೆದ ಮೇಲೂ ಅರೆನಿದ್ದೆಯಲ್ಲಿರುತ್ತವೆ. ವಾರಗಟ್ಟಲೆ ವಿಮಾನ ನಿಲ್ದಾಣದಲ್ಲಿ ಕಾರು ನಿಲ್ಲಿಸಿ ಹೋಗುವವರು ಆ ಸೆಟ್ಟಿಂಗನ್ನು ಆಫ್ ಮಾಡದಿದ್ದರೆ, ಬಂದಾಗ ಬ್ಯಾಟರಿ ಸತ್ತಿರುವುದರಲ್ಲಿ ಅಚ್ಚರಿಯಿಲ್ಲ.

ಹೆಸರು ಒಂದೇ ಥರ ಇದ್ದರೂ ಆಂಡ್ರಾಯ್ಡ್ ಆಟೊ ಬೇರೆ. 2015ರಲ್ಲಿ ಬಂದ ಇದು ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಗೆ ಬಿಂಬಿಸುವ ವ್ಯವಸ್ಥೆ. ಸಂಗೀತ ಅದರಲ್ಲಿ 16 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ಹೋಗುತ್ತದೆ. ಹೈ-ರೆಸ್ ಅಲ್ಲ, ಬ್ಲೂಟೂತ್‌ಗಿಂತ ಉತ್ತಮ. ಅಲ್ಲಿಂದ ಮುಂದೆ ಅದು ಕಂಪನಿ ಸ್ಟೀರಿಯೋದ ಕೈಯಲ್ಲೇ ಇರುತ್ತದೆ.

ಕಂಪನಿಯೇ ಒಳ್ಳೆಯ ಧ್ವನಿವ್ಯವಸ್ಥೆ ಕೊಟ್ಟ ಕಾರುಗಳದು ಇನ್ನೊಂದು ಬಗೆಯ ಕಷ್ಟ. ಮಹೀಂದ್ರಾದ 2021ರ ಎಕ್ಸ್‌ಯುವಿ700ರಲ್ಲಿ ಸೋನಿಯ 12 ಸ್ಪೀಕರ್, 2024ರ ನವೆಂಬರ್‌ನಲ್ಲಿ ತೋರಿಸಿದ ಬಿಇ 6 ಮತ್ತು ಎಕ್ಸ್ಇವಿ 9ಇ ಕಾರುಗಳಲ್ಲಿ ಹರ್ಮನ್ ಕಾರ್ಡನ್‌ನ 16 ಸ್ಪೀಕರ್ ಮತ್ತು ಡಾಲ್ಬಿ ಅಟ್ಮಾಸ್. ಇಂಥ ಕಾರುಗಳಲ್ಲಿ ಡಿಎಸ್‌ಪಿ ಒಳಗೇ ಇರುತ್ತದೆ, ಹೊರಗಿನವರಿಗೆ ತೆರೆದ ಡಿಜಿಟಲ್ ಬಾಗಿಲು ಇರುವುದಿಲ್ಲ. ಸ್ಟೀರಿಯೋ ಮತ್ತು ಆಂಪ್ ನಡುವಿನ ಡಿಜಿಟಲ್ ತಂತಿಗೆ ಕೈಹಾಕಲು ಅನಲಾಗ್ ಡಿವೈಸಸ್ ರೂಪಿಸಿದ ಎ2ಬಿ ಅಥವಾ ಐರೋಪ್ಯ ಕಾರುಗಳ ಮೋಸ್ಟ್‌ನಂಥ ದತ್ತಾಂಶ ಬಸ್‌ಗಳನ್ನು ಅರ್ಥಮಾಡಿಕೊಳ್ಳುವ ದುಬಾರಿ ಅಡಾಪ್ಟರ್ ಬೇಕು. ಹಿಂದಿನ ವಾಹನದ ಎಚ್ಚರಿಕೆ, ಇಂಡಿಕೇಟರ್ ಸದ್ದುಗಳು ಕೂಡ ಅದೇ ಸ್ಪೀಕರ್‌ಗಳಲ್ಲಿ ಬರುವುದರಿಂದ ಹಾಡಿಗಾಗಿ ಅವನ್ನು ಕಳೆದುಕೊಳ್ಳುವುದು ತರವಲ್ಲ. ಅಂಥ ಕಾರನ್ನು ಇದ್ದಂತೆ ಬಿಡುವುದೇ ಜಾಣತನ.

ತಂತಿಯಿಲ್ಲದ ದಾರಿ

ಬ್ಲೂಟೂತ್‌ನಲ್ಲಿ ಹಾಡು ಹಿಂಡಿಕೊಂಡೇ ಹೋಗಬೇಕು. ಹಿಂಡುವ ಕ್ರಮಕ್ಕೆ ಕೋಡೆಕ್ ಎನ್ನುತ್ತಾರೆ. ಎಲ್ಲ ಸಾಧನಗಳಿಗೂ ಗೊತ್ತಿರುವ ಎಸ್‌ಬಿಸಿ ಕೋಡೆಕ್ ಸೆಕೆಂಡಿಗೆ ಸುಮಾರು 328 ಕಿಲೋಬಿಟ್‌ವರೆಗೆ ಹೋಗುತ್ತದೆ, ಆಪ್ಟ್ಎಕ್ಸ್ ಎಚ್‌ಡಿ 576ರವರೆಗೆ. ಸೋನಿಯ ಎಲ್‌ಡ್ಯಾಕ್ 330, 660, 990 ಎಂಬ ಮೂರು ಮೆಟ್ಟಿಲಿನದು. 2017ರ ಆಂಡ್ರಾಯ್ಡ್ 8ರಿಂದ ಅದು ಆಂಡ್ರಾಯ್ಡ್‌ನಲ್ಲೇ ಸೇರಿರುವುದರಿಂದ ಬಹುತೇಕ ಹೊಸ ಫೋನ್‌ಗಳಲ್ಲಿ ಇದೆ. ಮೇಲಿನ ಮೆಟ್ಟಿಲೂ ಸಿ.ಡಿ.ಯ 1,411ನ್ನು ಮುಟ್ಟುವುದಿಲ್ಲ. 24/96 ಎಂದು ಅದು ತೋರಿಸುವುದು ನಿಜವಾದರೂ ನಾಲ್ಕು ಭಾಗಕ್ಕೂ ಹೆಚ್ಚನ್ನು ಒಂದು ಭಾಗಕ್ಕೆ ಹಿಂಡಿದ ಮೇಲಿನ 24/96 ಅದು. ಇಷ್ಟೆಲ್ಲ ಇದ್ದರೂ ಓಡುವ ಕಾರಿನಲ್ಲಿ 990ರ ಎಲ್‌ಡ್ಯಾಕ್ ಮತ್ತು ಸಿ.ಡಿ. ಬೇರೆಯೆಂದು ಹೇಳಬಲ್ಲ ಕಿವಿ ಅಪರೂಪ. ಫಿಯೊ ಬಿಆರ್13, ಬಿಟಿಎ30ರಂಥ ಎಲ್‌ಡ್ಯಾಕ್ ರಿಸೀವರ್‌ಗಳಿಗೆ ಆಪ್ಟಿಕಲ್ ಹೊರದಾರಿ ಇರುವುದರಿಂದ ಅವನ್ನು ನೇರವಾಗಿ ಡಿಎಸ್‌ಪಿಗೆ ಕೊಡಬಹುದು. ಸಾಮಾನ್ಯ ಕಾರ್ ಸ್ಟೀರಿಯೋ ಎಸ್‌ಬಿಸಿ ಅಥವಾ ಎಎಸಿಯಲ್ಲೇ ನಿಲ್ಲುತ್ತದೆ. ಯಾವ ಕೋಡೆಕ್ ನಡೆಯುತ್ತಿದೆ ಎಂಬುದು ಫೋನಿನ ಡೆವಲಪರ್ ಆಯ್ಕೆಗಳಲ್ಲಿ ಕಾಣುತ್ತದೆ.

ವೈ-ಫೈನಲ್ಲಿ ಹಿಂಡುವ ಅಗತ್ಯವಿಲ್ಲ. 2015ರಲ್ಲಿ ಬಂದ ಗೂಗಲ್‌ನ ಕ್ರೋಮ್‌ಕಾಸ್ಟ್ ಆಡಿಯೊ ಅಂಗೈಯಗಲದ ಬಿಲ್ಲೆಯಲ್ಲಿ 24/96ರವರೆಗೆ ಆಪ್ಟಿಕಲ್ ಕೊಡುತ್ತಿತ್ತು. 2019ರ ಜನವರಿಯಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ವಿಮ್‌ನಂಥ ಈಗಿನ ಸ್ಟ್ರೀಮರ್‌ಗಳು ಆ ಜಾಗ ತುಂಬಿವೆ. ಅವು ಮನೆಗೆಂದು ಮಾಡಿದವು. ಕಾರಿನಲ್ಲಿ ಫೋನಿನ ಹಾಟ್‌ಸ್ಪಾಟ್ ಅಥವಾ ಬೇರೆ ರೌಟರ್ ಬೇಕು, ಪ್ರತಿ ಸಲ ಕಾರು ಹತ್ತಿದಾಗ ಜೋಡಣೆಗೆ ಕಾಯಬೇಕು. ಹಟಮಾರಿಗಳಿಗೆ ಮಾತ್ರ ಒಪ್ಪುವ ದಾರಿ.

ಡಿಎಸ್‌ಪಿಯ ಬಾಗಿಲಲ್ಲಿ

ಇಷ್ಟು ಜೋಪಾನ ಮಾಡಿ ತಂದ 192 ಕಿಲೋಹರ್ಟ್ಜ್ ಕೊನೆಗೆ ಏನಾಗುತ್ತದೆ? ಡಿಎಸ್‌ಪಿ ತನ್ನದೇ ಒಂದು ಸ್ಥಿರ ದರದಲ್ಲಿ ಲೆಕ್ಕ ಮಾಡುತ್ತದೆ. ಬಹಳಷ್ಟು ಪ್ರೊಸೆಸರ್‌ಗಳಲ್ಲಿ ಅದು 48, ಮೇಲ್ದರ್ಜೆಯವುಗಳಲ್ಲಿ 96. ಒಳಬಂದದ್ದು ಬೇರೆ ದರದ್ದಾದರೆ ಬಾಗಿಲಲ್ಲೇ ಸ್ಯಾಂಪಲ್ ದರ ಪರಿವರ್ತಕ ಅದನ್ನು ಬದಲಿಸುತ್ತದೆ. ಕಾರ್ ಆಡಿಯೊದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಅನಲಾಗ್ ಡಿವೈಸಸ್‌ನ ಎಡಿಎಯು1452 ಚಿಪ್‌ನಲ್ಲಿ ಈ ಪರಿವರ್ತಕಗಳು ಒಳಗೇ ಇವೆ. ಎಸ್‌ಪಿಡಿಐಎಫ್ ಹೊತ್ತು ತಂದ ಗಡಿಯಾರದ ನಡುಕವೂ ಅಲ್ಲಿಯೇ ಬಹುಮಟ್ಟಿಗೆ ಅಳಿಯುತ್ತದೆ. ಮುಂದೆ ಕ್ರಾಸ್‌ಓವರ್, ಈಕ್ವಲೈಸರ್ ದಾಟುವಾಗ ಪ್ರತಿಯೊಂದು ಸ್ಯಾಂಪಲಿನ ಬೆಲೆಯೂ ಬದಲಾಗುತ್ತದೆ, ಬದಲಾಗಬೇಕು, ಡಿಎಸ್‌ಪಿ ಇರುವುದೇ ಅದಕ್ಕೆ. ಹಾಗಾಗಿ ಕಾರಿನಲ್ಲಿ ಬಿಟ್-ಪರ್ಫೆಕ್ಟ್ ಎಂಬುದು ಡಿಎಸ್‌ಪಿಯ ಹೊಸ್ತಿಲವರೆಗಿನ ಮಾತು. 48ರಲ್ಲಿ ಲೆಕ್ಕ ಮಾಡುವ ಪ್ರೊಸೆಸರಿಗೆ 192 ತಲುಪಿಸಲು ಹಣ ಸುರಿಯುವುದರಿಂದ ಕೇಬಲ್ ಮಾರುವವರಿಗಷ್ಟೇ ಲಾಭ.

24 ಬಿಟ್ ಮಾತ್ರ ಇಲ್ಲಿ ಸಾರ್ಥಕ. ಅಂಕಿಗಳಲ್ಲಿ ವಾಲ್ಯೂಮ್ ಇಳಿಸಿದಾಗ ಪ್ರತಿ 6 ಡೆಸಿಬೆಲಿಗೆ ಒಂದು ಬಿಟ್ ಕರಗುತ್ತದೆ. 16 ಬಿಟ್‌ನ ದಾರಿಯಲ್ಲಿ ಫೋನಿನ ವಾಲ್ಯೂಮನ್ನು 30 ಡೆಸಿಬೆಲ್ ತಗ್ಗಿಸಿದರೆ ಉಳಿಯುವುದು 11 ಬಿಟ್, 24ರ ದಾರಿಯಲ್ಲಿ 19. ಫೋನಿನ ವಾಲ್ಯೂಮ್ ಮುಟ್ಟದೆ ಡಿಎಸ್‌ಪಿಯ ರಿಮೋಟ್ ಗುಂಡಿಯಲ್ಲಿ ಏರಿಳಿಸುವುದು ಇನ್ನೂ ಸರಿ. ಬಿಟ್-ಪರ್ಫೆಕ್ಟ್ ಆ್ಯಪ್‌ಗಳಲ್ಲಿ ಫೋನಿನ ವಾಲ್ಯೂಮ್ ಕೆಲಸವನ್ನೇ ಮಾಡದಿರಬಹುದು. ಸಿಗ್ನಲ್ ಪೂರ್ಣಮಟ್ಟದಲ್ಲಿ ನುಗ್ಗುತ್ತದೆ. ರಿಮೋಟ್ ಇಲ್ಲದ ಡಿಎಸ್‌ಪಿಗೆ ಡಿಜಿಟಲ್ ಒಳದಾರಿ ಕೊಟ್ಟು ಮೊದಲ ಹಾಡು ಹಾಕಿದರೆ ಟ್ವೀಟರ್ ಸುಡುವುದಕ್ಕೆ ಕ್ಷಣ ಸಾಕು. ರಿಮೋಟ್ ಮೊದಲು, ಆಪ್ಟಿಕಲ್ ಆಮೇಲೆ.

ಜೋಡಣೆಯ ವಿಷಯದಲ್ಲಿ ಎರಡು ಎಚ್ಚರಿಕೆಗಳಿವೆ. ಕಂಪನಿ ವೈರ್ ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ, ಕಪ್ಲರಿಗೆ ಕಪ್ಲರ್ ಸಿಕ್ಕಿಸುವ ಕಿಟ್ ಆಯಾ ಕಾರಿಗೆ ಸಿಗುತ್ತದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ಎರಡನೆಯದು ಬಿಸಿಲು. ಬೆಂಗಳೂರಿನ ಹವೆ ತಂಪೆಂದರೂ ಮಾರ್ಚ್-ಏಪ್ರಿಲ್‌ನಲ್ಲಿ ಬಯಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಕೈ ಸುಡುತ್ತದೆ. ಸಂಗೀತಕ್ಕೆಂದು ಬಿಟ್ಟ ಹಳೆಯ ಫೋನನ್ನು ಅಲ್ಲಿಟ್ಟರೆ ಬ್ಯಾಟರಿ ಊದಿಕೊಳ್ಳುವ ಅಪಾಯವಿದೆ. ಅದರ ಜಾಗ ಗ್ಲೋವ್ ಬಾಕ್ಸ್, ಕಾರು ಇಳಿಯುವಾಗ ಜೇಬು.

ಹೊಸದಾಗಿ ಶುರುಮಾಡುವವರು ಮೊದಲು ಡಿಎಸ್‌ಪಿಯ ಒಳದರ ಯಾವುದೆಂದು ಕೈಪಿಡಿಯಲ್ಲಿ ನೋಡಿ, ಅದಕ್ಕೆ ತಕ್ಕ ಅಸಿಂಕ್ರೊನಸ್ ಯುಎಸ್‌ಬಿ ಕನ್ವರ್ಟರ್, ಒಂದು ಒಳ್ಳೆಯ ಆಪ್ಟಿಕಲ್ ಕೇಬಲ್ ಕೊಳ್ಳಲಿ. ಇದು ಕೆಲವೇ ಸಾವಿರ ರೂಪಾಯಿಯ ಮಾತು. ಉಳಿದ ಹಣ ಬಾಗಿಲುಗಳ ಡ್ಯಾಂಪಿಂಗ್ ಶೀಟಿಗೆ, ಮೈಕ್ ಇಟ್ಟು ಅಳೆದು ಟ್ಯೂನ್ ಮಾಡಬಲ್ಲವರ ಕೂಲಿಗೆ ಹೋಗಲಿ. ಅದರಿಂದ ಬರುವ ಬದಲಾವಣೆ ಯಾವ ಕಿವಿಗೂ ಕೇಳಿಸುತ್ತದೆ.